ಸ್ಯಾಂಪಲ್ ಹಿಡಿದ ತೀರ್ಪುಗಾರ

"ನನ್ನ ಕೈಯಾಗ ಇನ್ಸಾಫ್ ಅಂದ್ರ ಇನ್ಸಾಫ್, ನ್ಯಾಯ ಅಂದ್ರ ನ್ಯಾಯ! ಸುಳ್ಳು ಪ್ರಶ್ನಿ ಒಂದೂ ಒಳಗ ಬರಂಗಿಲ್ಲ, ಖರೇ ಪ್ರಶ್ನಿ ಒಂದೂ ಹೊರಗ ಹೋಗಂಗಿಲ್ಲ!"

ಸಿಂಧನೂರಿನ ಭತ್ತದ ದಲ್ಲಾಳಿ ಅಮರಗುಂಡಪ್ಪ ಎದೆ ತಟ್ಟಿಕೊಂಡು ಹೀಗೆ ಘೋಷಿಸಿದಾಗ ಗಣಪತಿ ಮಂಡಳಿಯ ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ! ಎಂಬತ್ತೊಂಬತ್ತನೇ ಇಸವಿಯ ಮಾತಿದು. ಟೀವಿಯಲ್ಲಿ ರಸಪ್ರಶ್ನೆ ನೋಡಿ ನೋಡಿ ಊರಿಗೆ ಊರೇ ಅದರ ಹುಚ್ಚು ಹಿಡಿಸಿಕೊಂಡ ಕಾಲ. ಮಂಡಳಿಯವರೂ ಗಣಪತಿ ಮುಂದೆ ರಸಪ್ರಶ್ನೆ ಇಡುತ್ತಿದ್ದರು. ಪ್ರಶ್ನೆ ತೆಗೆಯುವ ಪಂಡಿತರನ್ನು ಎಲ್ಲಿಂದ ತರುವುದು? ಅದಕ್ಕೆ ಆಡುವ ತಂಡಗಳೇ ಪ್ರಶ್ನೆ ಬರೆದು ಕೊಡಬೇಕು, ಒಬ್ಬರು ಬರೆದದ್ದನ್ನು ಉಳಿದವರಿಗೆ ಕೇಳಬೇಕು ಎಂದು ನಿಯಮ ಮಾಡಿದ್ದರು.

ಹಿಂದಿನ ವರ್ಷ ಇದರಿಂದಲೇ ಅನಾಹುತವಾಗಿತ್ತು. ಬಳಗಾನೂರಿನ ತಂಡದವರು "ತಿಮಿಂಗಿಲ ಯಾವ ಜಾತಿಯ ಮೀನು?" ಎಂದು ಕೇಳಿದ್ದರು. ರೈಸ್ ಮಿಲ್ಲಿನ ಹುಡುಗರು ಅದು ಮೀನೇ ಅಲ್ಲ ಅಂದರು. "ಮೀನಲ್ಲಂದ್ರ ನೀರಾಗ ಈಸಾಡೋದು ನಿಮ್ಮ ಸ್ವಾದರಮಾವ ಏನಲೇ?" ಎಂದರು ಬಳಗಾನೂರಿನವರು. ಅಲ್ಲಿಂದ ಮುಂದೆ ಮಾತಾಡಿದ್ದು ಕುರ್ಚಿಗಳು. ಪೆಂಡಾಲಿನ ಬಟ್ಟೆ ಹರಿದು ಗಣಪತಿಯ ಸೊಂಡಿಲಿಗೆ ಸುತ್ತಿಕೊಂಡಿತ್ತು.

ಆದ್ದರಿಂದ ಈ ಸಲ ತಂಡಗಳು ಕೊಟ್ಟ ಪ್ರಶ್ನೆಗಳನ್ನು ಮೊದಲೇ ಓದಿ, ತಪ್ಪಿದ್ದನ್ನೂ ಅನ್ಯಾಯದ್ದನ್ನೂ ಹೊಡೆದುಹಾಕಲು ಒಬ್ಬ ತೀರ್ಪುಗಾರ ಬೇಕಾಗಿದ್ದ. ಮಂಡಳಿಯ ಅಧ್ಯಕ್ಷ ದೊಡ್ಡಬಸಪ್ಪ ಸೀದಾ ಅಮರಗುಂಡಪ್ಪನ ಅಂಗಡಿಗೆ ಬಂದ. "ಅಣ್ಣಾ, ಮಾಲು ನೋಡೋ ಕಣ್ಣು ನಿನಗೈತಿ. ಗಟ್ಟಿ ಯಾವುದು, ಜೊಳ್ಳು ಯಾವುದು, ನೀನ ಹೇಳು" ಎಂದ. ಅಷ್ಟು ಸಾಕಾಯಿತು.

ಗಟ್ಟಿ ಜೊಳ್ಳು ನೋಡುವುದರಲ್ಲಿ ಅಮರಗುಂಡಪ್ಪನ ಕ್ರಮವೇ ಬೇರೆ. ಮಾರುಕಟ್ಟೆಗೆ ಭತ್ತ ಬಂತೆಂದರೆ ಚೀಲದಿಂದ ಒಂದು ಹಿಡಿ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಂಗಡಿ ಅಂಗಡಿ ತಿರುಗುತ್ತಿದ್ದ. ಒಬ್ಬ ಅಂಗೈಯಲ್ಲಿ ತಿಕ್ಕಿ ನೋಡಬೇಕು, ಒಬ್ಬ ಕಡಿದು ನೋಡಬೇಕು, ಇನ್ನೊಬ್ಬ ಮೂಸಬೇಕು. ನಾಲ್ಕು ಜನ ಹೂಂ ಅನ್ನದೆ ಅವನು ದರ ಹೇಳಿದವನೇ ಅಲ್ಲ. ಸ್ಯಾಂಪಲ್ ತೋರಿಸದ ವ್ಯಾಪಾರ ಅವನ ಪಾಲಿಗೆ ವ್ಯಾಪಾರವೇ ಅಲ್ಲ!

ಮನೆಗೆ ಬಂದು ಹೆಂಡತಿ ಗುರುಲಿಂಗಮ್ಮನ ಮುಂದೆ ತನ್ನ ಹೊಸ ಪದವಿಯನ್ನು ಸಾರಿದ. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆಯೇ ಹೇಳಿದಳು.

"ನಾನೂ ಹೆಸರು ಕೊಟ್ಟೀನ್ರೀ."

"ಯಾತಕ್ಕ?"

"ರಸಪ್ರಶ್ನಿಗೆ. ನಾನು, ಬಾಜು ಮನಿ ಶೇಖರಮ್ಮ, ಪಾರ್ವತೆಮ್ಮ. ನಮ್ಮದೂ ಒಂದು ಟೀಮು."

ಅಮರಗುಂಡಪ್ಪನಿಗೆ ನಿಂತ ನೆಲ ಕುಸಿದಂತಾಯಿತು. ತೀರ್ಪುಗಾರನ ಹೆಂಡತಿಯೇ ಆಟಕ್ಕೆ ಕೂತರೆ ಜನ ಏನಂದಾರು? "ಈ ಸಲ ಬಿಟ್ಟುಬಿಡು" ಅಂದ. ಗುರುಲಿಂಗಮ್ಮ ತಲೆ ಎತ್ತಿ ನೋಡಿದಳು. ಏಳನೇ ತರಗತಿಯಲ್ಲಿ ಶಾಲೆಗೇ ಮೊದಲ ನಂಬರು ಬಂದವಳು, ಅದೇ ವರ್ಷ ಲಿಂಗಸುಗೂರಿನ ತವರಿನಿಂದ ಇವನ ಮನೆಗೆ ಬಂದಿದ್ದಳು. ಆಮೇಲೆ ಆಕೆಯನ್ನು ಯಾರೂ ಒಂದು ಪ್ರಶ್ನೆ ಕೇಳಿದ್ದಿಲ್ಲ, "ಸಾರಿಗೆ ಉಪ್ಪು ಹಾಕೀಯೇನು?" ಎಂಬುದೊಂದನ್ನು ಬಿಟ್ಟು.

"ಒಮ್ಮೆರೆ ನಾಲ್ಕು ಮಂದಿ ಮುಂದ ಕುಂತು ಉತ್ತರ ಹೇಳಬೇಕಂತ ಆಸಿ ಐತ್ರೀ. ಮಕ್ಕಳ ಪುಸ್ತಕ ತಗೊಂಡು ಓದಾಕತ್ತೀನಿ. ನೀವೇನೂ ಹೇಳಿಕೊಡಬ್ಯಾಡ್ರಿ."

"ಹೇಳಿಕೊಡೋದು? ನಾನು? ಕೇಳಿಲ್ಲಿ! ಗಣಪತಿ ಕಳಿಸೋತನಕ ಈ ತೀರ್ಪುಗಾರಗ ಹೆಂಡತಿನ ಇಲ್ಲ!"

"ಊಟಾ?"

"ಊಟ ಇರಲಿ."

ಅವತ್ತಿನಿಂದ ಶುರುವಾಯಿತು ನೋಡಿ ಮಹಾವ್ರತ! ಪ್ರಶ್ನೆಯ ಚೀಟಿಗಳನ್ನು ಬನಿಯನ್ನಿನ ಒಳಕಿಸೆಯಲ್ಲಿ ಇಟ್ಟು ಪಿನ್ನು ಹಾಕಿಕೊಂಡ. ಗೋಡೆಗೆ ಮುಖ ಮಾಡಿ ಉಂಡ. ಗುರುಲಿಂಗಮ್ಮ "ಬುಧ ಗ್ರಹಕ್ಕ ಎಷ್ಟು ಚಂದ್ರ ಅದಾವ..." ಎಂದು ತನ್ನಷ್ಟಕ್ಕೆ ಗುನುಗಿದರೂ ಸಾಕು, ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಜಿಗಿಯುತ್ತಿದ್ದ. ಸ್ನಾನಕ್ಕೆ ಹೋದಾಗ ಬನಿಯನ್ನನ್ನು ಬಚ್ಚಲಿಗೇ ಒಯ್ದ. ಚೀಟಿಗಳು ತೊಯ್ದು ತೊಪ್ಪೆಯಾದವು. ಅವನ್ನು ಒಂದೊಂದಾಗಿ ಮಾಳಿಗೆಯ ಮೇಲೆ ಒಣಹಾಕಿ ಕೋಲು ಹಿಡಿದು ಕಾಯುತ್ತ ಕುಳಿತದ್ದನ್ನು ನೋಡಿ ಓಣಿಯವರು ಹಪ್ಪಳ ಎಂದುಕೊಂಡರು.

ಇನ್ನು ಪರಿಶೀಲನೆ. ಭಾದ್ರಪದದಲ್ಲಿ ಮಾರುಕಟ್ಟೆ ಬಿಕೋ ಅನ್ನುತ್ತಿತ್ತು, ಅಮರಗುಂಡಪ್ಪನಿಗೆ ಬೇರೆ ಕೆಲಸವಿರಲಿಲ್ಲ. ಕೆಲವು ಪ್ರಶ್ನೆಗಳು ಓದಿದ ಕೂಡಲೇ ಬಿದ್ದುಹೋದವು. "ನಮ್ಮ ಮಿಲ್ಲಿನ ಮಾಲಕರ ತಾಯಿಯ ಹೆಸರೇನು?" ಇದು ಅನ್ಯಾಯ. "ಸಿಂಧನೂರಿನಿಂದ ಜವಳಗೇರಾಕ್ಕೆ ಆಟೊ ಬಾಡಿಗೆ ಎಷ್ಟು?" ಇದು ಆಟೊದವರು ಬರೆದದ್ದು. ಮುಖ ನೋಡಿ ಬಾಡಿಗೆ ಹೇಳುವವರ ಪ್ರಶ್ನೆಗೆ ಒಂದೇ ಉತ್ತರ ಎಲ್ಲಿಂದ ಬರಬೇಕು?

ಉಳಿದವನ್ನು ಸ್ಯಾಂಪಲ್ ಹಿಡಿದು ಹೊರಟ.

"ಮನುಷ್ಯನ ಮೈಯಲ್ಲಿ ಎಲುಬು ಎಷ್ಟು?" ಚೀಟಿಯಲ್ಲಿ ಇನ್ನೂರಾ ಆರು ಎಂದಿತ್ತು. ಹಾಗೆಂದು ನಂಬಿಬಿಡುವುದೇ? ಬಸ್ ಸ್ಟ್ಯಾಂಡಿನ ಎದುರಿಗಿದ್ದ ಮುದುಕಪ್ಪನ ಚಾದಂಗಡಿಯಲ್ಲಿ ದವಾಖಾನೆಯ ಕಾಂಪೌಂಡರನನ್ನು ಹಿಡಿದು ಕೇಳಿದ. ಕಾಂಪೌಂಡರ್ ಹೌದೆಂದ, ಆದರೆ ಹುಟ್ಟಿದ ಕೂಸಿಗೆ ಇನ್ನೂ ಹೆಚ್ಚು ಇರುತ್ತವೆ ಅಂದ. ಚಾ ಕುಡಿಯುತ್ತಿದ್ದವರೆಲ್ಲ ನಂಬಲೊಲ್ಲದೆ ಮುದುಕಪ್ಪನನ್ನೇ ಬೆಂಚಿನ ಮೇಲೆ ಮಲಗಿಸಿ ಎಣಿಸತೊಡಗಿದರು. ಕಚಗುಳಿಯಾಗಿ ಮುದುಕಪ್ಪ ಒದರಿದ್ದು ಡಿಪೋದ ತನಕ ಕೇಳಿಸಿತು. ಅಮರಗುಂಡಪ್ಪ ಗಂಭೀರವಾಗಿ ಚೀಟಿಯಲ್ಲಿ "ದೊಡ್ಡವರ" ಎಂಬ ಒಂದು ಪದ ಸೇರಿಸಿ ಮುಂದೆ ನಡೆದ.

"ಟ್ರಾಕ್ಟರಿನ ಹಿಂದಿನ ಗಾಲಿ ದೊಡ್ಡದು ಯಾಕೆ?" ಇದಕ್ಕೆ ಜವಳಗೇರಾ ರಸ್ತೆಯಲ್ಲಿ ಕೈಯೊಡ್ಡಿ ಗೊಬ್ಬರ ತುಂಬಿದ ಟ್ರಾಕ್ಟರನ್ನೇ ನಿಲ್ಲಿಸಿದ. ಡ್ರೈವರ್ ಹುಸೇನ್‌ಸಾಬ್ ಕೆಸರು, ಭಾರ, ಹಿಡಿತ ಎಲ್ಲ ಬಿಡಿಸಿ ಹೇಳುವಷ್ಟರಲ್ಲಿ ಹಿಂದೆ ಟ್ರಾಕ್ಟರುಗಳ ಸಾಲೇ ನಿಂತಿತು. ಎಲ್ಲರೂ ಇಳಿದು ಬಂದು ಒಂದೊಂದು ಮಾತು ಸೇರಿಸಿದರು. "ಬಸ್! ಬರೋಬ್ಬರಿ ಐತಿ ಪ್ರಶ್ನಿ. ಎಲ್ಲರಿಗೂ ನ್ಯಾಯದ್ದು" ಎಂದು ತೀರ್ಪುಗಾರ ಗುರುತು ಹಾಕಿದ.

ಅಶೋಕನ ಹೆಸರು ಕೆತ್ತಿದ ಏಕೈಕ ಶಾಸನ ಎಲ್ಲಿದೆ ಎಂಬ ಪ್ರಶ್ನೆಗೆ ಮಸ್ಕಿಗೇ ಹೋದ. ಬಸ್ಸಿನಲ್ಲಿ ಕೂತವರನ್ನೆಲ್ಲ ದಾರಿಯುದ್ದಕ್ಕೂ ಕೇಳುತ್ತ ಹೋದ. ಮಸ್ಕಿಯ ಮೇಷ್ಟರೊಬ್ಬರು ಬಳ್ಳಾರಿ ಸೀಮೆಯಲ್ಲೂ ಅಂಥದು ಸಿಕ್ಕಿದೆ ಎಂದಾಗ "ಏಕೈಕ" ಎಂಬುದನ್ನು ಗೀಟು ಹೊಡೆದು ತೆಗೆದ. ಮತ್ತೊಂದು ಪ್ರಶ್ನೆ ಹಿಡಿದು ಲಿಂಗಸುಗೂರಿಗೂ ಹೋಗಿ ಬಂದ. ಇಂಥ ನಿಷ್ಠೆಯ ತೀರ್ಪುಗಾರ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಬೇಡ!

ಕಡೆಗೆ ಉಳಿದದ್ದು ಹೆಂಡತಿಯ ತಂಡದ ಚೀಟಿ. "ರೊಟ್ಟಿ ಹಿಟ್ಟಿಗೆ ಕುದಿಯುವ ನೀರನ್ನೇ ಯಾಕೆ ಹಾಕಬೇಕು?" ಎಂದು ಗುರುಲಿಂಗಮ್ಮನ ದುಂಡಗಿನ ಅಕ್ಷರದಲ್ಲಿತ್ತು. ಜೋಳದ ಹಿಟ್ಟಿಗೆ ಜಿಗುಟು ಬರುವುದು ಅದರಿಂದಲೇ ಎಂಬ ಉತ್ತರವೂ ಇತ್ತು. ಅಮರಗುಂಡಪ್ಪ ಇದನ್ನು ಯಾರಿಗೂ ತೋರಿಸಲಿಲ್ಲ. "ಇದು ಹೆಣ್ಮಕ್ಕಳಿಗಷ್ಟೇ ಗೊತ್ತಿರುವ ಸಂಗತಿ, ಗಂಡಸರಿಗೆ ಅನ್ಯಾಯ" ಎಂದು ಅಡ್ಡಗೆರೆ ಎಳೆದುಬಿಟ್ಟ. ಹೆಂಡತಿಯ ಪ್ರಶ್ನೆಯನ್ನೇ ಹೊಡೆದುಹಾಕಿದೆನಲ್ಲ, ನನ್ನಂಥ ನಿಷ್ಪಕ್ಷಪಾತಿ ಯಾರಿದ್ದಾರೆ ಎಂದು ಕನ್ನಡಿ ಮುಂದೆ ನಿಂತು ಮೀಸೆ ತಿರುವಿದ.

ಸ್ಪರ್ಧೆಯ ದಿನ ಸಂಜೆ ಪೆಂಡಾಲು ತುಂಬಿ ತುಳುಕಿತು. ಪ್ರಶ್ನೆ ಓದಿದ ಮೇಲೆ ಯಾರ ಕೈ ಮೊದಲು ಏಳುತ್ತದೋ ಅವರಿಗೆ ಅವಕಾಶ. ಗೆದ್ದವರಿಗೆ ದೊಡ್ಡ ಸ್ಟೀಲ್ ಕೊಡ. ಗುರುಲಿಂಗಮ್ಮ ಮದುವೆಯ ಇಲಕಲ್ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಅಮರಗುಂಡಪ್ಪ ಹೊಸ ಧೋತರ ಉಟ್ಟು ಮೈಕಿನ ಮುಂದೆ ನಿಂತ.

"ದೊಡ್ಡವರ ಮೈಯಲ್ಲಿ..."

"ಇನ್ನೂರಾ ಆರು!" ಎಂದಿತು ಆಟೊ ತಂಡ.

ಭಲೇ, ಎಂಥ ಬುದ್ಧಿವಂತರು! ಅಮರಗುಂಡಪ್ಪನಿಗೆ ಊರಿನ ಮೇಲೆ ಅಭಿಮಾನ ಉಕ್ಕಿತು.

"ಟ್ರಾಕ್ಟರಿನ..."

"ಕೆಸರಾಗ ಹಿಡಿತ ಸಿಗಲಿ ಅಂತ್ರೀ!"

"ಅಶೋಕನ..."

"ಮಸ್ಕಿ! ಬಳ್ಳಾರಿ ಕಡೀಗೂ ಒಂದೈತ್ರೀ!"

ಮುಂದಿನ ಚೀಟಿಯನ್ನು ಡಬ್ಬಿಯಿಂದ ಎತ್ತಿ ಕನ್ನಡಕ ಸರಿಮಾಡಿಕೊಳ್ಳುತ್ತಿರುವಾಗಲೇ ಬಳಗಾನೂರಿನವರು ಉತ್ತರ ಹೇಳಿದರು. ನೋಡಲು ಬಂದ ಗಂಡಸರೂ ಒಕ್ಕೊರಲಿನಿಂದ ಭಜನೆಯಂತೆ ದನಿಗೂಡಿಸಿದರು. ಗುರುಲಿಂಗಮ್ಮನ ತಂಡ ಮಾತ್ರ ಪ್ರಶ್ನೆ ಮುಗಿಯಲೆಂದು ಕಾಯುತ್ತಿತ್ತು. ಆಕೆಯ ಕೈ ಅರ್ಧ ಎದ್ದು ಪ್ರತಿ ಸಲವೂ ಮಡಿಲಿಗೆ ಮರಳುತ್ತಿತ್ತು. ಹಿಂದಿನ ಕರಿಹಲಗೆಯಲ್ಲಿ ಅವರ ಹೆಸರಿನ ಮುಂದೆ ದೊಡ್ಡ ಸೊನ್ನೆ.

ಅಮರಗುಂಡಪ್ಪನ ರಕ್ತ ತಲೆಗೇರಿತು. ಸೋರಿವೆ! ಪ್ರಶ್ನೆಗಳು ಸೋರಿವೆ! ಪಿನ್ನು ಹಾಕಿದ ಬನಿಯನ್ನಿನಿಂದ ಯಾರು ತೆಗೆದಿರಬೇಕು? ಮನೆಯಲ್ಲಿರುವುದಾದರೂ ಎಷ್ಟು ಜನ? ಹಿಂದೆ ಮುಂದೆ ನೋಡದೆ ಮೈಕಿನಲ್ಲಿಯೇ ಗುಡುಗಿದ.

"ಗುರುಲಿಂಗಮ್ಮಾ! ನೀ ನನ್ನ ಬನೀನಿಗೆ ಕೈ ಹಾಕಿದ್ದೇನು?"

ಗುರುಲಿಂಗಮ್ಮ ಎದ್ದು ನಿಂತಳು. ಮುಖ ಕೆಂಪಾಗಿತ್ತು, ಆದರೆ ದನಿ ನಡುಗಲಿಲ್ಲ.

"ನಾ ಕೈ ಹಾಕಿದ್ರ ನಮ್ಮ ಹೆಸರಿನ ಮುಂದ ಸೊನ್ನಿ ಯಾಕ ಕುಂತೈತ್ರೀ?"

ತೀರ್ಪುಗಾರ ಕರಿಹಲಗೆಯ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಹಿಂದಿನಿಂದ ಚಾದಂಗಡಿಯ ಮುದುಕಪ್ಪ ಪಕ್ಕೆ ಹಿಡಿದುಕೊಂಡೇ ಎದ್ದ.

"ಸಾವ್ಕಾರ್ರ, ಅಕ್ಕಾರಿಗೆ ಯಾಕ ಅಂತೀರಿ? ನೀವ ಬಂದು ನನ್ನ ಅಂಗಡ್ಯಾಗ ಕೇಳಿದ್ರಲ್ರೀ. ಎಲುಬು ಇನ್ನೂ ನೋಯಾಕತ್ತಾವ!"

"ನನ್ನ ಟ್ರಾಕ್ಟರ್ ನಿಂದ್ರಿಸಿದ್ರಿ" ಎಂದ ಹುಸೇನ್‌ಸಾಬ್. "ನೀವು ಕೇಳಿದ್ದು ಪ್ರಶ್ನಿ ಅಂತ ನಮಗೆಲ್ಲ ಗೊತ್ತಾತು. ಖುಷಿಯಿಂದ ಎಲ್ಲಾರಿಗೂ ಹೇಳಿದ್ವಿ."

"ಮಸ್ಕಿ ಬಸ್ಸಿನ್ಯಾಗ ನಾನೂ ಇದ್ನಿ!" ಎಂದಿತು ಒಂದು ದನಿ. "ನಾನೂ!" ಎಂದಿತು ಇನ್ನೊಂದು. ನೋಡುತ್ತಿದ್ದಂತೆ ಪೆಂಡಾಲಿನ ಅರ್ಧ ಜನ ಸಾಕ್ಷಿ ಹೇಳಲು ಎದ್ದು ನಿಂತಿದ್ದರು. ಅಮರಗುಂಡಪ್ಪನಿಗೆ ತಾನು ಓಡಾಡಿದ ದಾರಿಯೆಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಭತ್ತದ ಹಿಡಿಯನ್ನು ನಾಲ್ಕು ಜನರಿಗೆ ತೋರಿಸಿದರೆ ಭತ್ತ ಭತ್ತವಾಗಿಯೇ ಉಳಿಯುತ್ತದೆ. ಪ್ರಶ್ನೆಯನ್ನು ತೋರಿಸಿದರೆ ಉಳಿಯುವುದೇನು?

"ಮತ್ತ ಈ ಹೆಣ್ಮಕ್ಕಳಿಗೆ ಒಬ್ಬರೂ ಯಾಕ ಹೇಳಲಿಲ್ಲಪಾ?" ಎಂದು ದೊಡ್ಡಬಸಪ್ಪ ಕೇಳಿದ.

"ತೀರ್ಪುಗಾರ್ರ ಮನಿಯವರಲ್ರೀ, ಅವರಿಗೆ ಎಲ್ಲಾ ಮೊದಲ ಗೊತ್ತಿರತೈತಿ ಅಂತ ಬಿಟ್ವಿ" ಎಂದಿತು ಸಾಕ್ಷಿಗಳ ಗುಂಪು.

ನಗೆಯ ಅಲೆ ಎದ್ದಿತು. ಗಣಪತಿಯ ಹೊಟ್ಟೆಯೂ ಕುಲುಕಿದಂತೆ ಕಂಡಿತು ಅಮರಗುಂಡಪ್ಪನಿಗೆ. ಧೋತರದ ಚುಂಗಿನಲ್ಲಿ ಮುಖ ಒರೆಸಿಕೊಂಡ. ಜನ ನಕ್ಕದ್ದಕ್ಕೆ ಆದ ನಾಚಿಕೆ ಒಂದು ತೂಕ. ನಾಲ್ಕು ಜನರ ಮುಂದೆ ಕೂರಬೇಕೆಂಬ ಒಂದೇ ಆಸೆ ಇಟ್ಟುಕೊಂಡವಳನ್ನು ಅದೇ ನಾಲ್ಕು ಜನರ ಮುಂದೆ ಕಳ್ಳಿ ಮಾಡಿದ ನಾಚಿಕೆ ಅದರ ಹತ್ತರಷ್ಟು. ಮತ್ತೆ ಮೈಕು ಹಿಡಿದು ಹೇಳಿದ.

"ತಪ್ಪು ನಂದು. ಪ್ರಶ್ನಿ ನಾನ ಸೋರಿಸೀನಿ. ಈ ಆಟದಾಗ ಸ್ವಚ್ಛ ಇದ್ದದ್ದು ಆ ಸೊನ್ನಿ ಒಂದ. ಕೊಡ ಆ ಹೆಣ್ಮಕ್ಕಳಿಗೆ ಕೊಡಬೇಕಂತ ನನ್ನ ತೀರ್ಪು."

ಅದರಿಂದಾದರೂ ಸರಿಹೋದೀತು ಅಂದುಕೊಂಡಿದ್ದ. ಗುರುಲಿಂಗಮ್ಮ ಸೆರಗು ಸರಿಮಾಡಿಕೊಂಡಳು.

"ಒಂದೂ ಉತ್ತರ ಹೇಳದೇ, ಕೊಡ ಹೊತಗೊಂಡು ಹೋಗಾಕ ನಮಗ ಮಾನ ಇಲ್ಲೇನ್ರೀ? ಗಣಪತಿ ಮುಂದ ನೀರು ತುಂಬಿ ಇಡ್ರಿ, ನೀರಡಿಸಿದವರು ಕುಡೀಲಿ."

ಇದಕ್ಕೆ ಬಿದ್ದ ಚಪ್ಪಾಳೆಯ ಮುಂದೆ ಅಂದು ಸಭೆಯಲ್ಲಿ ಅಮರಗುಂಡಪ್ಪನಿಗೆ ಬಿದ್ದ ಚಪ್ಪಾಳೆ ಏನೂ ಅಲ್ಲ.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮನೆಯ ಕಡೆ ನಡೆದರು. ಅವಳು ಮುಂದೆ, ಅವನು ಹಿಂದೆ. ಓಣಿ ತಿರುಗುತ್ತಲೇ ಅವನು ಬಾಯಿ ಬಿಟ್ಟ.

"ತಪ್ಪಾತು. ನಿನ್ನ ಮ್ಯಾಲ ಸಂಶೇ ಪಡಬಾರದಾಗಿತ್ತು. ನಾ ಬಲೇ ನ್ಯಾಯವಂತ ಅನಕೊಂಡಿದ್ದೆ. ಊರಿಗೆಲ್ಲ ಹೇಳಿ ನಿನಗೊಬ್ಬಾಕಿಗೆ ಹೇಳಲಿಲ್ಲ."

ಗುರುಲಿಂಗಮ್ಮ ನಡೆಯುತ್ತಲೇ ಇದ್ದಳು.

"ಅದೇನು ಹೊಸಾದಲ್ಲ ಬಿಡ್ರಿ. ಹೋದ ವರ್ಷ ನೀವು ಕಾಲುವಿ ಬಾಜುಕಿನ ಹೊಲ ಮಾರಿದ್ದೂ ನನಗ ಶೇಖರಮ್ಮನ ಬಾಯಿಲೆ ಗೊತ್ತಾತು. ದೊಡ್ಡ ಮಗಳಿಗೆ ವರ ನೋಡಿದ್ದು ಹಿಟ್ಟಿನ ಗಿರಣ್ಯಾಗ ಕೇಳಿದ್ನಿ."

ಅಮರಗುಂಡಪ್ಪ ನಿಂತುಬಿಟ್ಟ. ಗುರುಲಿಂಗಮ್ಮ ಬಾಗಿಲ ಚಿಲಕ ತೆಗೆದು, ಹೊಸ್ತಿಲ ಮೇಲೆ ನಿಂತು ಹಿಂತಿರುಗಿ ನೋಡಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಾನೂ ಇದ ಊರಾಗ ಇರಾಕಿ ಅದೀನ್ರೀ. ಮುಂದಿನ ಸಲ ಊರಾಗ ತಿರುಗಿ ಕೇಳೂ ಮುಂದ, ನನ್ನೂ ಒಂದು ಮಾತು ಕೇಳಿ ಹೋಗ್ರಿ."