ದುಂಡುಮೇಜಿನ ಬಟ್ಟೆ ಒಂದು ಬೆರಳು ಗಿಡ್ಡವಾದದ್ದರ ಬಗ್ಗೆ

ಊರಾಡಳಿತ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕಚೇರಿಯ ಎದುರು ಸಾಲಿನ ನೆಲಮಹಡಿಯಲ್ಲಿ, ತಮ್ಮದೇ ಭಾವಚಿತ್ರವಿರುವ ದೊಡ್ಡ ಫಲಕದ ಬೆನ್ನಿಗೆ, ಅಕ್ಕನ ಜೊತೆ ಹೊಲಿಗೆ ಮಾಡಿಕೊಂಡಿರುವ ನಾನು ಎರಡು ಕೈಗಳನ್ನೂ ಜೋಡಿಸಿ, ಸೂಜಿಯನ್ನು ಮಾತ್ರ ಪಕ್ಕಕ್ಕಿಟ್ಟು, ವಿನಯಪೂರ್ವಕವಾಗಿ ಬರೆದುಕೊಳ್ಳುವುದೇನೆಂದರೆ: ಸಭಾಕೋಣೆಯ ದುಂಡುಮೇಜಿಗೆ ನಾವು ಹೊಲಿದುಕೊಟ್ಟ ನೆಲಮುಟ್ಟುವ ಬಟ್ಟೆ ಬಾಗಿಲಿನ ಕಡೆ ಒಂದು ಬೆರಳು ಗಿಡ್ಡವಾಗಿದೆ, ಮೇಲಿನ ಕಚೇರಿಯ ತಪಾಸಣೆಯವರು ನಾಳೆ ಬರುವವರಿದ್ದಾರೆ, ಕೂಡಲೇ ಸಮಜಾಯಿಷಿ ಕೊಡತಕ್ಕದ್ದು ಎಂಬ ತಮ್ಮ ನೋಟೀಸು ಬೆಳಿಗ್ಗೆ ಕೈಸೇರಿತು. ಎರಡು ವರ್ಷಗಳಲ್ಲಿ ತಮ್ಮ ಕಚೇರಿಯಿಂದ ನಮಗೆ ಬಂದ ಮೊದಲ ಕಾಗದ ಇದು, ಹಾಗಾಗಿ ಅಕ್ಕ ಅದನ್ನು ಎರಡೆರಡು ಸಲ ಓದಿಸಿಕೊಂಡು ಕೇಳಿದಳು. ಮುಚ್ಚಿದ ಲಕೋಟೆಯಲ್ಲಿ ತಮಗೆ ಕಳಿಸಿದ ಕಾಗದಗಳು ಎಲ್ಲಿಗೆ ಹೋಗುತ್ತವೆ ಎಂದು ಈಚೆಗೆ ತಿಳಿದುಬಂದಿರುವುದರಿಂದ, ಈ ಸಮಜಾಯಿಷಿಯನ್ನು ಬಹಿರಂಗವಾಗಿ ಬರೆದು, ಕೇಳಿದವರಿಗೆಲ್ಲ ಒಂದೊಂದು ಪ್ರತಿ ಕೊಡುತ್ತಿದ್ದೇನೆ.

ಮೊದಲಿಗೆ ಮೇಜಿನ ವಿಷಯದಲ್ಲಿ ತಮ್ಮನ್ನು ಅಭಿನಂದಿಸಬೇಕು. ಅಧಿಕಾರಕ್ಕೆ ಬಂದ ಹೊಸತರಲ್ಲೇ ಹಳೆಯ ಉದ್ದಮೇಜನ್ನು ತೆಗೆಸಿ ದುಂಡುಮೇಜು ತರಿಸಿ, ಇನ್ನು ಮುಂದೆ ಈ ಕಚೇರಿಯಲ್ಲಿ ಮೇಲಿನವರು ಕೆಳಗಿನವರು ಎಂಬುದಿಲ್ಲ, ಯಾರು ಎಲ್ಲಿ ಕೂತರೂ ಒಂದೇ ಎಂದು ತಾವು ಭಾಷಣ ಮಾಡಿದ್ದನ್ನು ನಾವು ಧ್ವನಿವರ್ಧಕದಲ್ಲಿ ಕೇಳಿ ಸಂತೋಷಪಟ್ಟೆವು. ಈಚೆಗೆ ಆ ಮೇಜಿಗೆ ಬಟ್ಟೆ ಹೊಲಿಯಲು ಹೇಳಿದಾಗ, ಅದರ ಮೇಲೆ, ಬಾಗಿಲಿಗೆ ಎದುರಾಗಿ ತಾವು ಕೂರುವ ಕುರ್ಚಿಯ ಮುಂದೆ ಮಾತ್ರ ಕಚೇರಿಯ ಲಾಂಛನವಾದ ಉದಯಸೂರ್ಯನನ್ನು ಕಸೂತಿ ಮಾಡಬೇಕೆಂದು ಹೇಳಿಕಳಿಸಿದಿರಿ. ದುಂಡಗಿರುವುದರಲ್ಲೂ ತಲೆಯ ಕಡೆ ಯಾವುದೆಂದು ಹುಡುಕಿದ ತಮ್ಮ ಜಾಣ್ಮೆಗೆ ಅಕ್ಕ ತಲೆದೂಗಿದಳು. ದಯವಿಟ್ಟು ಈ ಸೂರ್ಯನನ್ನು ನೆನಪಿನಲ್ಲಿಟ್ಟುಕೊಳ್ಳಿ, ಅವನ ಕೆಲಸ ಮುಂದೆ ಇದೆ.

ಇನ್ನು ಅಳತೆ. ಮೇಜಿನ ಅಗಲ ಐದು ಅಡಿ, ಎತ್ತರ ಎರಡೂವರೆ ಅಡಿ. ಬಟ್ಟೆ ಈ ಕಡೆಯೂ ಆ ಕಡೆಯೂ ನೆಲಕ್ಕೆ ಇಳಿಯಬೇಕಾದ್ದರಿಂದ ಒಟ್ಟು ಹತ್ತು ಅಡಿ, ಅದರ ಮೇಲೆ ಅಂಚಿನ ಮಡಿಕೆಗೆ ಬೇರೆ. ಇದನ್ನು ನಾನು ಹೇಳಿದಾಗ ತಮ್ಮ ಉಗ್ರಾಣದವರು ಕನ್ನಡಕ ಕೆಳಗಿಳಿಸಿ, "ಐದಡಿ ಮೇಜಿಗೆ ಹತ್ತಡಿ ಬಟ್ಟೆ ಯಾಕಮ್ಮಾ? ಉಳಿದಿದ್ರಲ್ಲಿ ನಿಮ್ಮನೆ ಕಿಟಕಿಗೆ ಪರದೆ ಹೊಲ್ಕೋತೀರಾ?" ಎಂದು ಕೇಳಿ ನಕ್ಕರು. ಅವರ ಅನುಮಾನ ನಿರಾಧಾರವೆಂದು ತಾವು ಅವರಿಗೆ ತಿಳಿಸಬೇಕಾಗಿ ಕೋರುತ್ತೇನೆ, ಏಕೆಂದರೆ ನಮ್ಮ ಕಿಟಕಿಗೆ ತಾವೇ ಖುದ್ದಾಗಿ ಎರಡು ವರ್ಷದಿಂದ ಪರದೆಯಾಗಿ ನಿಂತಿದ್ದೀರಿ.

ತಾವು ಅಧಿಕಾರ ವಹಿಸಿಕೊಂಡ ವಾರ, ಏಳೇ ದಿನಕ್ಕೆಂದು ಹೇಳಿ, ನಮ್ಮ ಒಂದೇ ಒಂದು ಕಿಟಕಿಗೆ ಅಡ್ಡಲಾಗಿ ಆ ತಗಡಿನ ಫಲಕವನ್ನು ನೆಟ್ಟರು. ರಸ್ತೆಯವರೆಲ್ಲ ತಮ್ಮ ನಗುಮುಖವನ್ನು ನೋಡುತ್ತಾರೆ. ತುಕ್ಕುಹಿಡಿದ ಮೊಳೆಗಳಿಂದ ಕೂಡಿದ ತಮ್ಮ ಬೆನ್ನನ್ನು ನೋಡುವ ಭಾಗ್ಯ ನಮ್ಮಿಬ್ಬರಿಗೆ ಮಾತ್ರ. ನನಗೆ ಸೂಜಿ ಹಿಡಿಯಲು ಕಲಿಸಿದವಳು ಅಕ್ಕ. ಅವಳ ಕಣ್ಣು ಈಗ ಸೋಲುತ್ತಿದೆ. ಹಗಲು ಬೆಳಕಿನಲ್ಲಿ ಮಾತ್ರ ಹೊಲಿಯಿರಿ, ಬಲ್ಬಿನ ಕೆಳಗೆ ಕೂತರೆ ಇರುವುದೂ ಹೋಗುತ್ತದೆ ಎಂದು ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಹಾಗಾಗಿ ಅರವತ್ತು ದಾಟಿದ ಅಕ್ಕ ಸ್ಟೂಲು ಎತ್ತಿಕೊಂಡು ಹೋಗಿ ಕಾಲುದಾರಿಯ ಮೇಲೆ, ಹೋಗಿಬರುವವರ ಮೊಣಕಾಲುಗಳ ನಡುವೆ ಕೂತು ಅಂಚು ಹೊಲಿಯುತ್ತಾಳೆ. ಹೋದ ವಾರ ಒಂದು ಸೈಕಲ್ಲು ಅವಳ ಗುಂಡುಸೂಜಿಯ ಡಬ್ಬಿಯನ್ನು ಉರುಳಿಸಿತು. ಅವಳು ನೆಲ ಸವರಿ ಸವರಿ ಒಂದೊಂದೇ ಸೂಜಿ ಹುಡುಕಿದಳು.

ಈ ಬಗ್ಗೆ ನಾನು ತಮಗೆ ಏಳು ಅರ್ಜಿಗಳನ್ನು ಕೊಟ್ಟಿದ್ದೇನೆ. ಮೊದಲ ಮೂರರಲ್ಲಿ ಫಲಕವನ್ನು ನಾಲ್ಕು ಅಡಿ ಪಕ್ಕಕ್ಕೆ ಸರಿಸಬೇಕೆಂದು ಮಾತ್ರ ಬೇಡಿದ್ದೆ. ಅದು ವಿಪರೀತ ಬೇಡಿಕೆಯಾಯಿತೇನೋ ಎಂದುಕೊಂಡು, ನಾಲ್ಕನೆಯದರಲ್ಲಿ ಸೂರ್ಯನಿಗೆ ಒಂದು ಸುತ್ತೋಲೆ ಕಳಿಸಿ ಅವನು ನಮ್ಮ ಹಿಂಗೋಡೆಯ ಕಡೆಯಿಂದ ಬರುವಂತೆ ಏರ್ಪಾಟು ಮಾಡಬೇಕೆಂದೂ, ಐದನೆಯದರಲ್ಲಿ ಅವನು ಬಂದಾಗ ಆ ಗೋಡೆ ಎದ್ದುನಿಂತು ದಾರಿ ಬಿಡುವಂತೆ ಆದೇಶಿಸಬೇಕೆಂದೂ ಕೋರಿದೆ. ಆರನೆಯದರಲ್ಲಿ, ಭಾವಚಿತ್ರದಲ್ಲಿ ತಮ್ಮ ಹಲ್ಲುಗಳಿರುವ ಜಾಗ ಅಕ್ಕನ ಸ್ಟೂಲಿಗೆ ಸರಿಯಾದ ಎತ್ತರದಲ್ಲಿರುವುದರಿಂದ, ಹಲ್ಲಿನ ಸಾಲನ್ನಷ್ಟೇ ಕತ್ತರಿಸಿ ತೆಗೆದರೆ ನಮಗೆ ಸಾಕು ಎಂದು ಬರೆದೆ. ಏಳನೆಯದರಲ್ಲಿ ಹಿಂದಿನ ಆರನ್ನು ನೆನಪಿಸಿದೆ. ಪ್ರತಿಯೊಂದಕ್ಕೂ ತಮ್ಮ ಕಚೇರಿಯವರು 'ಸ್ವೀಕರಿಸಲಾಗಿದೆ' ಎಂಬ ನೇರಳೆ ಮೊಹರನ್ನು ಬಹಳ ಮುತುವರ್ಜಿಯಿಂದ ಒತ್ತಿದರು.

ಕೆಲಸಕ್ಕೆ ಬರೋಣ. ಹತ್ತು ಅಡಿ ಅಗಲದ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ, ತಮ್ಮ ಲೋಟದ ಕೆಳಗೆ ಹೊಲಿಗೆ ಬರಬಾರದೆಂದು ಇಡೀ ಅಗಲದ ಒಂದು ಪಟ್ಟಿಯನ್ನು ನಡುವೆ ಇಟ್ಟು, ಎರಡು ಪಕ್ಕಕ್ಕೂ ಒಂದೊಂದು ಪಟ್ಟಿ ಕೂಡಿಸಿದೆವು. ಅದನ್ನು ನಾಲ್ಕು ಮಡಿಕೆ ಮಾಡಿ, ಮೂಲೆಗೆ ದಾರ ಕಟ್ಟಿ, ದಾರದ ತುದಿಗೆ ಸೀಮೆಸುಣ್ಣ ಸಿಕ್ಕಿಸಿ ಕಮಾನು ಎಳೆದು ಕತ್ತರಿಸಿದೆವು. ದುಂಡಗೆ ಕತ್ತರಿಸಿದ ಬಟ್ಟೆ ಎಳೆಗೆ ಓರೆಯಾದ ಕಡೆಗಳಲ್ಲಿ ತನ್ನಷ್ಟಕ್ಕೆ ಜೋತು ಉದ್ದವಾಗುತ್ತದೆ; ಅದನ್ನು ಎರಡು ದಿನ ಮೇಜಿನ ಮೇಲೆಯೇ ಇಳಿಬಿಟ್ಟು, ಆಮೇಲೆ ನೆಲದಿಂದ ಅಳೆದು ಅಂಚು ಗುರುತು ಮಾಡಬೇಕು. ಈ ಗುರುತು ಮಾಡುವ ಕೆಲಸ ನಿಂತು ಆಗುವುದಲ್ಲ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಮೊಣಕಾಲೂರಿ, ಮೂವತ್ತೊಂದು ಅಡಿ ಸುತ್ತಳತೆಯನ್ನು ತೆವಳಿಕೊಂಡೇ ಮುಗಿಸಬೇಕು. ತಮ್ಮ ಕಚೇರಿಯಲ್ಲಿ ಯಾವುದೇ ವಿಷಯದ ತಳ ಕಾಣಬೇಕಾದರೆ ಹೀಗೆ ತೆವಳುವುದೊಂದೇ ದಾರಿ ಎಂದು ನನಗೆ ಆಗ ಗೊತ್ತಾಯಿತು.

ಬಾಗಿಲಿನ ಕಡೆಗೆ ಬಂದಾಗ, ಮೇಜಿನ ನಾಲ್ಕು ಕಾಲುಗಳಲ್ಲಿ ಹೊರಕ್ಕೆ ಚಾಚಿದ ಒಂದು ಕಾಲು ಗಿಡ್ಡವಿರುವುದೂ, ಅದರ ಕೆಳಗೆ ಮಡಿಸಿಟ್ಟ ಕಾಗದದ ಒಂದು ಕಟ್ಟು ಇರುವುದೂ ಕಂಡಿತು. ಅಕ್ಷರ ನನ್ನದೇ. ಏಳಕ್ಕೆ ಏಳೂ ಇದ್ದವು, ಒಂದೂ ಕಳೆದಿರಲಿಲ್ಲ. ತಮ್ಮ ಜವಾನರು ಒಳ್ಳೆಯವರು, ನನ್ನ ಮುಖ ನೋಡಿ ಸಮಾಧಾನ ಮಾಡಲೆಂದೇ ಹೇಳಿದರು: "ಬೇಜಾರು ಮಾಡ್ಕೋಬೇಡಿ ಅಕ್ಕಾ, ಉಪಯೋಗಕ್ಕೆ ಬರೋ ಕಡೆ ಇಡು ಅಂತ ಸಾಹೇಬ್ರೇ ಕೊಟ್ಟಿದ್ದು. ಎರಡು ಇಟ್ಟಾಗ ಇನ್ನೂ ಅಲ್ಲಾಡ್ತಿತ್ತು. ನೀವು ಬರೀತಾ ಹೋದ್ರಿ, ನಾನು ಇಡ್ತಾ ಹೋದೆ. ಏಳನೇದು ಬಂದ್ಮೇಲೆ ಬಂಡೆ ಹಾಗೆ ಕೂತಿದೆ ನೋಡಿ. ಇನ್ನು ಬರೀಬೇಡಿ." ನೆಲದವರೆಗೆ ಇಳಿಯುವ ಬಟ್ಟೆಯೇ ಯಾಕೆ ಬೇಕಾಯಿತು ಎಂಬ ನನ್ನ ಬಹುದಿನದ ಸಂದೇಹವೂ ಅದರೊಂದಿಗೆ ಪರಿಹಾರವಾಯಿತು.

ಈಗ ಸಮಜಾಯಿಷಿ. ಅಂಚನ್ನು ನಾನು ಮೇಜು ಇರುವ ಸ್ಥಿತಿಗೆ ಅಳೆಯಲಿಲ್ಲ, ತಾವು ಅರ್ಜಿಗಳನ್ನು ಓದಲು ಕೈಗೆತ್ತಿಕೊಂಡಾಗ ಅದು ಯಾವ ಸ್ಥಿತಿಯಲ್ಲಿರುತ್ತದೋ ಅದಕ್ಕೆ ಅಳೆದೆ. ಕಟ್ಟನ್ನು ಹೊರಗೆಳೆದೆ, ಮೇಜು ಬಾಗಿಲಿನ ಕಡೆಗೆ ಒಂದು ಬೆರಳು ವಾಲಿತು, ಹಾಗೆಯೇ ಗುರುತು ಹಾಕಿದೆ. ಆಮೇಲೆ ಕಚೇರಿಯ ಕಾಗದವನ್ನು ಇದ್ದಲ್ಲಿಯೇ ಇಡಬೇಕೆಂಬ ನಿಯಮಕ್ಕೆ ತಲೆಬಾಗಿ ಕಟ್ಟನ್ನು ಅಲ್ಲಿಯೇ ಸಿಕ್ಕಿಸಿದೆ. ಏಳೂ ಮೊಹರುಗಳು ಬಾಗಿಲ ಕಡೆ ಮುಖಮಾಡಿ ತುಸು ಹೊರಗೆ ಇಣುಕುವಂತೆ ಮಡಿಸಿದ್ದಷ್ಟೇ ನನ್ನ ಸೇರ್ಪಡೆ. ಬಟ್ಟೆಯನ್ನು ತಿರುಗಿಸಿ ಗಿಡ್ಡ ಭಾಗವನ್ನು ಬೇರೆ ಕಡೆಗೆ ಒಯ್ಯಬಹುದಲ್ಲ ಎಂದು ತಾವು ಯೋಚಿಸುತ್ತಿರಬಹುದು. ಖಂಡಿತ ಒಯ್ಯಬಹುದು, ಆದರೆ ಆಗ ಉದಯಸೂರ್ಯ ತಮ್ಮ ಕುರ್ಚಿ ಬಿಟ್ಟು ಉಗ್ರಾಣದವರ ಮುಂದೆ ಉದಯಿಸುತ್ತಾನೆ.

ನಾವು ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ. ಆ ಭಾಗದ ಒಳಮಡಿಕೆಯಲ್ಲಿ ಎರಡು ಬೆರಳು ಬಟ್ಟೆ ಉಳಿಸಿದ್ದೇವೆ, ಬಿಚ್ಚಿ ಇಳಿಸಿಕೊಡಲು ಅರ್ಧ ಗಂಟೆ ಸಾಕು. ಮೇಜಿನ ಕಾಲಿಗೂ ಹೊಸ ಆಸರೆ ಸಿದ್ಧವಿದೆ: ಫಲಕವನ್ನು ಕಿತ್ತಾಗ ಅದರ ಮರದ ಕಂಬದಿಂದ ಒಂದು ಬೆರಳು ದಪ್ಪದ ತುಂಡು ಕತ್ತರಿಸಿಕೊಂಡರೆ ಅಳತೆ ಸರಿಹೋಗುತ್ತದೆ. ತೊಂದರೆ ಒಂದೇ. ಆ ಅಂಚನ್ನು ಅಕ್ಕ ಕಡುನೀಲಿ ಬಟ್ಟೆಗೆ ಕಡುನೀಲಿ ದಾರದಲ್ಲಿ, ಅಕ್ಕಿಕಾಳಿಗಿಂತ ಚಿಕ್ಕ ಹೊಲಿಗೆಯಲ್ಲಿ ಹೊಲಿದಿದ್ದಾಳೆ. ಬಟ್ಟೆಗೆ ಗಾಯವಾಗದಂತೆ ಅದನ್ನು ಬಿಚ್ಚಬಲ್ಲವಳೂ ಅವಳೇ, ಬಿಚ್ಚುವುದೂ ಕಿಟಕಿಯ ಬೆಳಕಿನಲ್ಲಿಯೇ. ತಪಾಸಣೆಯವರು ನಾಳೆ ಹನ್ನೊಂದಕ್ಕೆ ಬರುತ್ತಾರೆಂದು ಕೇಳಿದೆ. ಎಂಟು ಗಂಟೆಗೆ ನಮ್ಮ ಕಿಟಕಿಗೆ ಬಿಸಿಲು ಬರುತ್ತಿದ್ದ ಕಾಲ ಅಕ್ಕನಿಗೆ ಇನ್ನೂ ನೆನಪಿದೆ.

ಎರಡು ವರ್ಷದಿಂದ ತಮ್ಮ ನೆರಳಿನಲ್ಲಿಯೇ ಬದುಕಿರುವ,
ತಮ್ಮ ವಿಶ್ವಾಸಿ,
ಎದುರು ಸಾಲಿನ ಹೊಲಿಗೆಯವಳು

ತಾ.ಕ.: ಈ ಪತ್ರವನ್ನು ಎಂಟನೆಯ ಅರ್ಜಿಯೆಂದು ಭಾವಿಸಿ ಮಾಮೂಲಿ ಜಾಗದಲ್ಲಿ ಇಡಿಸಬೇಡಿ. ಏಳಕ್ಕೆ ಮೇಜು ಸಮವಾಗಿದೆ. ಎಂಟನೆಯದು ಸೇರಿದರೆ ಅದು ತಮ್ಮ ಕಡೆಗೇ ವಾಲುತ್ತದೆ.