ಬಡತನಕ್ಕೆ ಯಜಮಾನಿಯ ಹೆಬ್ಬೆಟ್ಟು

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ನಮ್ಮ ಬೀದಿಯಲ್ಲಿ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವ ಅಶ್ವತ್ಥಮ್ಮನವರು. ಸೋಮವಾರ, ದೇವಸ್ಥಾನದಲ್ಲಿ, ಅಂಗೈಯಲ್ಲಿ ತೀರ್ಥ ಹಿಡಿದುಕೊಂಡೇ ಹೇಳಿದರು. ಹಾಗಾಗಿ ನಾನು ಸಾಕ್ಷಿ ಕೇಳಲಿಲ್ಲ.

ರೇಷನ್ ಕಾರ್ಡಿನಲ್ಲಿ ಮನೆಯ ಹೆಂಗಸೇ ಯಜಮಾನಿ, ಗಂಡಸು ಬರೀ ಸದಸ್ಯ. ಇದರಲ್ಲಿ ಯಾರದೂ ತಕರಾರಿಲ್ಲ. ಅಕ್ಕಿ ಸರಿಯಾಗಿ ಬರುತ್ತದೆ.

ದೊಡ್ಡಬಳ್ಳಾಪುರದ ಯೋಗಾನಂದನಿಗೂ ಮೇಘನಳಿಗೂ ನಾಲ್ಕು ವರ್ಷದ ಹಿಂದೆ ವಿಚ್ಛೇದನವಾಯಿತು. ಅವನಿಗೆ ಆರು ಪವರ್‌ಲೂಮ್ ಮಗ್ಗ ಉಳಿದವು, ಅವಳಿಗೆ ಮಗಳು ಸ್ನೇಹ. ತಿಂಗಳಿಗೆ ಒಂಬತ್ತು ಸಾವಿರ ಜೀವನಾಂಶವೆಂದು ತೀರ್ಪಾಯಿತು. ಮೇಘನ ಬಾಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ಫ್ಯಾಕ್ಟರಿಗೆ ಸೇರಿದಳು. ಸಂಬಳ ಬಾಡಿಗೆಗೂ ಊಟಕ್ಕೂ. ಜೀವನಾಂಶ ಸ್ನೇಹಳ ನರ್ಸಿಂಗ್ ಕಾಲೇಜಿಗೆ. ಯೋಗಾನಂದ ಅವರಿಬ್ಬರ ಹೆಸರನ್ನು ತನ್ನ ರೇಷನ್ ಕಾರ್ಡಿನಿಂದ ಮಾತ್ರ ತೆಗೆಸಲಿಲ್ಲ. ಪ್ರೀತಿಯಿಂದಲ್ಲ, ಇಬ್ಬರ ಪಾಲಿನ ಹತ್ತು ಕೆಜಿ ಅಕ್ಕಿಗಾಗಿ.

ಹೀಗಿರುವಾಗ ಯೋಗಾನಂದ ಕೋರ್ಟಿಗೆ ಅರ್ಜಿ ಹಾಕಿದ: ಮಗ್ಗಗಳು ನಿಂತಿವೆ, ತಾನು ಕಡುಬಡವ, ಜೀವನಾಂಶವನ್ನು ಎರಡು ಸಾವಿರಕ್ಕೆ ಇಳಿಸಬೇಕು. ಮೇಘನಳಿಗೆ ನೋಟಿಸು ಬಂತು. ಅವಳ ವಕೀಲರು ಓದಿ, "ಆಕ್ಷೇಪಣೆ ಹಾಕೋಣಮ್ಮ. ಆದ್ರೆ ಮಗ್ಗ ಓಡ್ತಾ ಇದೆ ಅನ್ನೋದಕ್ಕೆ ಒಂದು ಕಾಗದ ಬೇಕಲ್ಲ" ಎಂದರು. ಕಾಗದ ಇರಲಿಲ್ಲ. ಸಿಗದಿದ್ದರೆ ಸ್ನೇಹಳ ಓದು ಮೊದಲ ವರ್ಷಕ್ಕೇ ಮುಗಿಯುತ್ತಿತ್ತು.

ಕಾಗದ ಯೋಗಾನಂದನಿಗೂ ಬೇಕಿತ್ತು. ಬಡವ ಎನ್ನಲು ವರಮಾನ ಪತ್ರ ಹಾಜರುಪಡಿಸಬೇಕು. ಕಂದಾಯ ಕಚೇರಿಯ ನಂದೀಶ್ ಕಂಪ್ಯೂಟರಿನಲ್ಲಿ ಅವನ ರೇಷನ್ ಕಾರ್ಡು ನೋಡಿ, "ಯಜಮಾನಿ ಎಲ್ಲಿ?" ಎಂದರು.

"ಡೈವೋರ್ಸ್ ಆಗೈತೆ ಸಾರ್."

"ಅದು ಕೋರ್ಟಲ್ಲಿ ಆಗಿರೋದು. ಕಂಪ್ಯೂಟರಲ್ಲಿ ಆಗಿಲ್ಲ. ಕುಟುಂಬ ಬಡವರೋ ಅಲ್ವೋ ಅಂತ ಯಜಮಾನೀನೇ ಬಂದು ಹೇಳಿ ಹೆಬ್ಬೆಟ್ಟು ಒತ್ಬೇಕು."

"ಹಂಗಾರೆ ಅವಳ ಹೆಸರು ತೆಗ್ದಾಕಿ."

"ಅದಕ್ಕೂ ಯಜಮಾನಿ ಹೆಬ್ಬೆಟ್ಟೇ ಬೇಕು."

ಯೋಗಾನಂದ ಬಾಶೆಟ್ಟಿಹಳ್ಳಿಗೆ ಹೋದ.

"ಏನಪ್ಪಾ, ಕಡುಬಡವ ಆಗ್ಬಿಟ್ಟಿದ್ದೀಯಂತೆ? ನೋಟಿಸಲ್ಲಿ ಓದ್ದೆ," ಎಂದಳು ಮೇಘನ. "ಕಾಫಿ ಕುಡೀತೀಯಾ?"

"ಕಾಫಿ ಬ್ಯಾಡ. ಒಂದು ಹೆಬ್ಬೆಟ್ಟು ಬೇಕಿತ್ತು."

ವಿಷಯವನ್ನು ಪೂರ್ತಿ ಕೇಳಿಸಿಕೊಂಡು ಅವಳು ಚಪ್ಪಲಿ ಮೆಟ್ಟಿದಳು. "ನಡಿ. ನನಗೆ ಬಸ್ಸು ಫ್ರೀ. ನೀನು ಟಿಕೆಟ್ ತಗೋ."

ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ಯೋಗಾನಂದ ದಾರಿಯುದ್ದಕ್ಕೂ ದೇವರನ್ನು ನೆನೆದ. ನೆನೆಯುವುದು ತಪ್ಪಲ್ಲ.

"ಕುಟುಂಬದ ವರಮಾನ ಎಷ್ಟಮ್ಮ?" ಎಂದರು ನಂದೀಶ್.

"ವರ್ಷಕ್ಕೆ ಹನ್ನೊಂದು ಸಾವಿರ," ಎಂದ ಯೋಗಾನಂದ.

"ಸದಸ್ಯರು ಮಧ್ಯೆ ಬಾಯಿ ಹಾಕ್ಬಾರ್ದು. ನೀವು ಹೇಳಿ ಯಜಮಾನಿಯವರೇ."

"ಆರು ಮಗ್ಗ ಸಾರ್. ಎರಡು ಪಾಳಿ. ಖರ್ಚೆಲ್ಲ ಕಳೆದು ಆರು ಲಕ್ಷ."

"ಮಗ್ಗ ನಿಂತೋಗವೆ ಸಾರ್!"

ಪಿಂಚಣಿಗಾಗಿ ಹಿಂದೆ ಸರತಿಯಲ್ಲಿ ನಿಂತಿದ್ದ ಅಶ್ವತ್ಥಮ್ಮನವರು, "ಯಾವಾಗ್ಲಾ ನಿಂತಿದ್ದು? ನಿಂತಿದ್ರೆ ನಾನು ನಿನ್ನೆ ಯಾರಿಗ್ಲಾ ಕಂಡಿಕೆ ಸುತ್ತಿದ್ದು?" ಎಂದರು.

ನಂದೀಶ್ ಆರು ಲಕ್ಷವೆಂದು ನಮೂದಿಸಿದರು. ಮೇಘನ ಹೆಬ್ಬೆಟ್ಟು ಒತ್ತಿದಳು. ಯೋಗಾನಂದ ಅನ್ಯಾಯವೆಂದು ಕೂಗಾಡಿದ.

"ಆಕ್ಷೇಪಣೆ ಇದ್ರೆ ಬರೆದು ಕೊಡಿ," ಎಂದರು ನಂದೀಶ್. "ಯಜಮಾನಿ ಹೆಬ್ಬೆಟ್ಟು ಹಾಕಿಸ್ಕೊಂಡು ಬನ್ನಿ."

ಪತ್ರವನ್ನು ಯಜಮಾನಿಯ ಕೈಗೇ ಕೊಟ್ಟರು. ಸದಸ್ಯರ ಕೈಗೆ ಕೊಡುವ ಪದ್ಧತಿಯಿಲ್ಲ. ಅವಳು ಅದನ್ನು ತನ್ನ ಆಕ್ಷೇಪಣೆಯ ಜೊತೆಗಿಟ್ಟಳು. ಅರ್ಜಿದಾರರು ತಾವೇ ಕೇಳಿ ಮಾಡಿಸಿದ ಪತ್ರದ ಪ್ರಕಾರ ಅರ್ಜಿದಾರರು ಬಡವರಲ್ಲ ಎಂದು ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಸ್ನೇಹ ಈಗ ಎರಡನೆಯ ವರ್ಷದಲ್ಲಿದ್ದಾಳೆ.

ಆರು ಲಕ್ಷದವರಿಗೆ ಅಕ್ಕಿಯಿಲ್ಲವಾದ್ದರಿಂದ ಅಕ್ಕಿ ನಿಂತಿತು. ಯಜಮಾನಿಕೆ ನಿಲ್ಲಲಿಲ್ಲ. ಹೆಸರು ತೆಗೆಸುತ್ತೀರಾ ಎಂದು ನಂದೀಶ್ ಕೇಳಿದಾಗ ಮೇಘನ, "ಅವಸರ ಏನಿಲ್ಲ ಬಿಡಿ ಸಾರ್" ಎಂದಳಂತೆ. ಮಗ್ಗದ ಸಾಲಕ್ಕೋ ಕರೆಂಟಿನ ರಿಯಾಯಿತಿಗೋ ಹೆಬ್ಬೆಟ್ಟು ಬೇಕಾದಾಗ ಯೋಗಾನಂದ ಬಾಶೆಟ್ಟಿಹಳ್ಳಿಗೆ ಹೋಗುತ್ತಾನೆ. "ಈ ತಿಂಗಳದ್ದು ಹಾಕಿದ್ಯಾ?" ಎಂದು ಅವಳು ಮೊಬೈಲ್ ನೋಡುತ್ತಾಳೆ, ಆಮೇಲೆ ಬಸ್ಸು ಹತ್ತುತ್ತಾಳೆ. ತಮ್ಮ ಕಚೇರಿಯ ದಾಖಲೆಯಲ್ಲಿ ಇಷ್ಟು ಶಿಸ್ತಿನ ಸಂಸಾರ ಇನ್ನೊಂದಿಲ್ಲ ಎನ್ನುತ್ತಾರೆ ನಂದೀಶ್. ಮೊನ್ನೆ ಮಗ್ಗವೊಂದನ್ನು ಕೊಳ್ಳಲು ಯಾರೋ ಬಂದು ಬೆಲೆ ಕೇಳಿದರು. ಯೋಗಾನಂದ ತಲೆ ಕೆರೆದುಕೊಂಡು, "ತಡೀರಿ, ಯಜಮಾನೀನ ಒಂದ್ಮಾತು ಕೇಳ್ಬೇಕು" ಎಂದ.

ಓದಿದವರು ಈ ಸಂಗತಿಯನ್ನು ಕೋರ್ಟಿನ ನೋಟಿಸು ಕೈಯಲ್ಲಿ ಹಿಡಿದು ಕೂತಿರುವ ಯಾವುದಾದರೂ ಹೆಣ್ಣುಮಗಳಿಗೆ ಮುಟ್ಟಿಸಿ. ಗಂಡಸರಿಗೆ ಹೇಳುವುದಾದರೆ ಅರ್ಜಿ ಹಾಕಿದ ಮೇಲೆ ಹೇಳಿ.