ನಮ್ಮ ತುಳಸಿಗೆ ಬಂದ ಕಾಮಾಲೆ

ಮನುಷ್ಯರಿಗೆ ಕಾಯಿಲೆ ಬಂದರೆ ಒಂದು ಅನುಕೂಲವಿದೆ. ಎಲ್ಲಿ ನೋವು, ಎಷ್ಟು ನೋವು, ಯಾರಿಂದ ನೋವು ಎಂದು ಅವರೇ ಬಾಯಿಬಿಟ್ಟು ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ನನ್ನ ಸೊಂಟನೋವಿನ ಸಮಗ್ರ ಇತಿಹಾಸ ನಮ್ಮ ಬ್ಯಾಂಕಿನ ಶಾಖೆಯ ಗಿರಾಕಿಗಳಿಗೆಲ್ಲ ಬಾಯಿಪಾಠ. ಗಿಡ ಹಾಗಲ್ಲ. ಒಂದೆರಡು ಎಲೆ ಹಳದಿ ಮಾಡಿಕೊಂಡು ತೆಪ್ಪಗೆ ಕೂತುಬಿಡುತ್ತದೆ. ಆ ಹಳದಿಗೆ ನೀರು ಹೆಚ್ಚಾಯಿತು ಎಂದೂ ಅರ್ಥ, ಕಡಿಮೆಯಾಯಿತು ಎಂದೂ ಅರ್ಥ. ಬಿಸಿಲು ಸಾಲದು, ಗೊಬ್ಬರ ಸಾಲದು, ಗೊಬ್ಬರ ಅತಿಯಾಯಿತು, ಅಥವಾ ಎಲೆಗೆ ಸುಮ್ಮನೆ ವಯಸ್ಸಾಯಿತು ಎಂದೂ ಆಗಬಹುದು. ಒಂದೇ ಮುಖಭಾವದಲ್ಲಿ ಇಷ್ಟೊಂದು ಅರ್ಥ ಅಡಗಿಸಿಡಬಲ್ಲವರು ಗಿಡಗಳನ್ನು ಬಿಟ್ಟರೆ ನನ್ನ ಹೆಂಡತಿ ಸುಮಿತ್ರಾ ಒಬ್ಬಳೇ. ಅವಳ ಮುಖ ಓದುವುದು ನನಗೆ ಇಂದಿಗೂ ಒಲಿದಿಲ್ಲ. ಅಂಥವನು ಎಲೆ ಓದಲು ಹೊರಟಿದ್ದೆನೆಂದರೆ ನನ್ನ ಭಂಡ ಧೈರ್ಯವನ್ನು ನೀವು ಮೆಚ್ಚಲೇಬೇಕು.

ಆಗ ನಾವು ನಾಸಿಕದಲ್ಲಿದ್ದೆವು. ಬ್ಯಾಂಕಿನವರು ನನ್ನನ್ನು ಬಾಗಲಕೋಟೆಯಿಂದ ಎತ್ತಿ ಔರಂಗಾಬಾದಿಗೆ ಹಾಕಿ, ಅಲ್ಲಿ ಬೇರು ಬಿಡುವಷ್ಟರಲ್ಲಿ ಕಿತ್ತು ನಾಸಿಕದಲ್ಲಿ ನೆಟ್ಟಿದ್ದರು. ಸಾತಪುರದ ಹತ್ತಿರ ಎರಡನೆಯ ಮಹಡಿಯಲ್ಲಿ ಬಾಡಿಗೆಯ ಫ್ಲ್ಯಾಟು. ಮನೆಯ ಮಾಲೀಕ ಬಾಲ್ಕನಿಗೆ ಗಾಜು ಹಾಕಿಸಿ ಅದನ್ನೂ ಒಂದು ಕೋಣೆಯೆಂದು ಲೆಕ್ಕಕ್ಕೆ ಹಿಡಿದಿದ್ದ. ಹೀಗಾಗಿ ಅಂಗಳದಲ್ಲಿ ಇರಬೇಕಾದ ನಮ್ಮ ತುಳಸಿ ಮನೆಯೊಳಗೇ, ಬಟ್ಟೆ ಒಣಗಿಸುವ ತಂತಿಯ ಕೆಳಗೆ, ದೊಡ್ಡದೊಂದು ಕುಂಡದಲ್ಲಿ ವಾಸವಾಗಿತ್ತು. ಆ ಸಸಿಯನ್ನು ಸುಮಿತ್ರಾಳ ತಾಯಿ ತಮ್ಮ ಹಿತ್ತಲಿನಿಂದ ಕಿತ್ತು, ಹಳೆಯ ಟಿಫಿನ್ ಡಬ್ಬಿಯಲ್ಲಿ ಮಣ್ಣು ತುಂಬಿ ನೆಟ್ಟುಕೊಟ್ಟಿದ್ದರು. ಮರುವರ್ಷವೇ ಅವರು ತೀರಿಕೊಂಡರು. ಅಂದಿನಿಂದ ಸುಮಿತ್ರಾಳಿಗೆ ಅದು ಬರೀ ತುಳಸಿಯಾಗಿ ಉಳಿಯಲಿಲ್ಲ. ಬೆಳಿಗ್ಗೆ ಸ್ನಾನವಾದ ಕೂಡಲೇ ಚೊಂಬು ಹಿಡಿದು ಅದರ ಮುಂದೆ ನಿಂತಳೆಂದರೆ, ತುಟಿ ಅಲ್ಲಾಡುತ್ತಿದ್ದದ್ದು ಸ್ತೋತ್ರಕ್ಕೋ ತಾಯಿಯೊಡನೆ ಮಾತಿಗೋ ನಾನು ಕೇಳಿದವನಲ್ಲ.

ಪ್ರತಿ ಕಾರ್ತಿಕದಲ್ಲಿ ನಮ್ಮ ಮನೆಯಲ್ಲಿ ತುಳಸಿ ಲಗ್ನ. ಊರಿನ ಕನ್ನಡದ ಮನೆಗಳವರೆಲ್ಲ, ಅಂದರೆ ಬ್ಯಾಂಕಿನವರು, ಓಝರ್‌ನ ವಿಮಾನ ಕಾರ್ಖಾನೆಯವರು, ಒಟ್ಟಿಗೆ ಸೇರುತ್ತಿದ್ದರು. ಹೆಣ್ಣಿನ ತಂದೆ ತಾಯಿ ನಾವು. ಆ ವರ್ಷ ದಸರೆ ಮುಗಿದು ನಾಲ್ಕು ದಿನ ಕಳೆದಿರಬೇಕು, ಹೆಣ್ಣಿನ ಎಲೆಗಳು ಕೆಳಗಿನಿಂದ ಹಳದಿಯಾಗತೊಡಗಿದವು.

“ಲಗ್ನದಾಗ ಹುಡುಗಿ ಹಿಂಗ ಹಳದಿ ಬಿದ್ದು ನಿಂತ್ರ ಮಂದಿ ಏನಂತಾರ್ರಿ?” ಎಂದಳು ಸುಮಿತ್ರಾ.

“ಅರಿಶಿಣದ ಶಾಸ್ತ್ರ ಮೊದಲೇ ಮುಗೀತು ಅಂತಾರ” ಎಂದೆ. ಅವಳು ನಗಲಿಲ್ಲ. ಕಣ್ಣು ತುಂಬಿಕೊಂಡಿದ್ದವು. “ಅವ್ವ ಕೊಟ್ಟಿದ್ದು ಇದೊಂದ ಉಳದೈತ್ರಿ” ಎಂದು ಒಳಗೆ ಹೋದಳು. ನನ್ನ ಚೇಷ್ಟೆಗೆ ನಾನೇ ಎರಡು ಬಿಗಿಯಬೇಕೆನಿಸಿತು. ಏನಾದರಾಗಲಿ, ಲಗ್ನದೊಳಗೆ ಈ ಗಿಡವನ್ನು ಉಳಿಸಿಯೇ ತೀರುತ್ತೇನೆಂದು ನಿಶ್ಚಯಿಸಿದೆ. ಗಿಡದ ನಿಜವಾದ ಕಷ್ಟ ಶುರುವಾದದ್ದು ಆಗಿನಿಂದ.

ಮೊದಲು ಕರೆಸಿದ್ದು ಓಝರ್‌ನ ದೇಸಾಯರನ್ನು. ಅವರು ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸಿ ಪಾಸು-ಫೇಲು ಮಾಡುವ ಎಂಜಿನಿಯರು; ನಮ್ಮ ಮನೆಗೆ ಬಂದರೆ ಚಹಾದ ಕಪ್ಪನ್ನೂ ಎತ್ತಿ ಹಿಡಿದು ಕೆಳಗಿನಿಂದ ನೋಡಿಯೇ ಕುಡಿಯುವವರು. ಭೂತಗನ್ನಡಿ ಹಿಡಿದು ತುಳಸಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. “ಇದು ಕಬ್ಬಿಣ ಕಡಿಮಿ ಆಗಿದ್ದರೀ” ಎಂದು ತೀರ್ಪು ಕೊಟ್ಟರು. ಮನೆಯಲ್ಲಿದ್ದ ತುಕ್ಕು ಹಿಡಿದ ಮೊಳೆಗಳನ್ನೆಲ್ಲ ಮಣ್ಣಿನಲ್ಲಿ ಹೂತೆವು. ಎಲೆಗಳು ಇನ್ನಷ್ಟು ಹಳದಿಯಾದವು. “ಹಂಗಾರ ಕಬ್ಬಿಣ ಜಾಸ್ತಿ ಆಗಿರಬೇಕು” ಎಂದರು ದೇಸಾಯರು ಫೋನಿನಲ್ಲಿ. ಮೊಳೆಗಳನ್ನು ಹೊರತೆಗೆದೆವು. ಹೂತದ್ದರಲ್ಲಿ ಒಂದು ಮೊಳೆ ಸಿಗಲೇ ಇಲ್ಲ.

ಹನ್ನೊಂದನೆಯ ಕ್ಲಾಸಿನ ಮಗಳು ವೈದೇಹಿಯ ಓದಿಗೆಂದು ಆಗಷ್ಟೇ ಮನೆಗೆ ಕಂಪ್ಯೂಟರು, ಇಂಟರ್‌ನೆಟ್ಟು ಬಂದಿದ್ದವು. ಮನೆಯೊಳಗಿನ ಗಿಡ, ಹಳದಿ ಎಲೆ, ಹೊಸಬರು ಎಂದೆಲ್ಲ ಇಂಗ್ಲಿಷಿನಲ್ಲಿ ಒತ್ತಿ ಹುಡುಕಿದೆ. ಸಿಕ್ಕಿತು ನೋಡಿ ಒಂದು ಅದ್ಭುತ ಬರಹ! ಕೋಣೆಯೊಳಗೆ ಗಿಡ ಬೆಳೆಸುವ ಹೊಸಬರಿಗೆಂದೇ ಅಮೆರಿಕಾದವರು ಬರೆದದ್ದು. ಎಲೆಯ ತುದಿ ಕಂದಾದರೆ ಏನು, ಅಂಚು ಮೇಲೆ ಸುರುಳಿಯಾದರೆ ಏನು, ಕೆಳಗೆ ಬಾಗಿದರೆ ಏನು, ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಏನು, ಎಲ್ಲ ಒಂದೊಂದಾಗಿ ಬಿಡಿಸಿ ಹೇಳಿದ್ದರು. ಅಡಿಗಡಿಗೆ ಧೈರ್ಯ ಬೇರೆ ತುಂಬುತ್ತಿದ್ದರು. ನಮ್ಮ ಊರಿನ ಡಾಕ್ಟರು ಮನುಷ್ಯರನ್ನೂ ಇಷ್ಟು ಮಮತೆಯಿಂದ ವಿಚಾರಿಸಿದ್ದನ್ನು ನಾನು ಕಂಡಿಲ್ಲ. ಒಂದೇ ವಿಚಿತ್ರವೆಂದರೆ ಆ ಗಿಡದ ಹೆಸರು ಎಲ್ಲೂ ಇರಲಿಲ್ಲ. ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳದ ಹಾಗೆ ಉದ್ದಕ್ಕೂ “ನಮ್ಮ ಗಿಡ”, “ನಿಮ್ಮ ಗಿಡ” ಎಂದೇ ಬರೆದಿದ್ದರು. ನಮ್ಮ ಇಂಟರ್‌ನೆಟ್ಟಿನ ಆಮೆನಡಿಗೆಗೆ ಚಿತ್ರಗಳು ತೆರೆದುಕೊಳ್ಳುತ್ತಿರಲಿಲ್ಲ. ಆಫೀಸಿನಲ್ಲಿ ಪ್ರಿಂಟು ತೆಗೆದರೆ ಎಲ್ಲ ಎಲೆಗಳೂ ಕರಿಯ ಮಸಿಯ ಮುದ್ದೆಯಾಗಿ ಬಂದವು.

ಮತ್ತೊಂದು ಮಾತನ್ನಂತೂ ನಾನು ಎರಡೆರಡು ಸಲ ಓದಿದೆ. ಗಿಡ ಬೆಳೆಸಿದ ಸಂಗತಿ ನೆರೆಯವರಿಗೆ ಹೇಳಬೇಡಿ, ಕಿಟಕಿಗೆ ದಪ್ಪನೆಯ ಪರದೆ ಹಾಕಿ, ಮನೆಗೆ ಬಂದವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ ಎಂದಿತ್ತು. ನಾನು ಎದ್ದು ನಿಂತು ಸುಮಿತ್ರಾಳನ್ನು ಕೂಗಿದೆ.

“ನೋಡಽ, ಅಮೆರಿಕಾದಾಗೂ ದೃಷ್ಟಿ ಆಗತೈತಿ!”

ಸುಮಿತ್ರಾ ಪ್ರಿಂಟನ್ನು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. “ನಾ ಹೇಳಿದ್ರ ನೀವು ನಕ್ಕೀರಿ. ಎದುರುಮನಿ ಜೋಶಿಕಾಕು ದಸರಾದಾಗ ಬಂದು ‘ಕಿತೀ ಛಾನ್ ತುಳಸ್!’ ಅಂತ ಹೊಗಳಿ ಹೋದ್ರಲ್ಲ, ನಾಕ ದಿನಕ್ಕನ ಶುರುವಾತಿದು.” ಅಂದೇ ಗಾಜಿನ ಕೋಣೆಗೆ ಹಳೆಯ ಜಮಖಾನೆಯ ಪರದೆ ಬಿತ್ತು. ಬೆಳಕು ಹೋಯಿತಲ್ಲ ಎಂದರೆ ಅದಕ್ಕೂ ಬರಹದಲ್ಲಿ ಉಪಾಯವಿತ್ತು: ಗಿಡದ ತಲೆಯ ಮೇಲೆ ದೀಪ ಕಟ್ಟಬೇಕು. ವೈದೇಹಿಯ ಟೇಬಲ್ ಲ್ಯಾಂಪು ತುಳಸಿಯ ಪಾಲಾಯಿತು. ಬರಹದ ಒಂದು ಪ್ರತಿಯನ್ನು ದೇಸಾಯರಿಗೆ ಕೊಟ್ಟೆ, ಇನ್ನೊಂದನ್ನು ತುಳಸಿಯಿರುವ ನಮ್ಮ ಮ್ಯಾನೇಜರ ಮನೆಗೆ ನಾನೇ ಕೊಂಡುಹೋಗಿ ಕೊಟ್ಟು, ಮುಖ್ಯ ಭಾಗಗಳ ಕೆಳಗೆ ಗೆರೆ ಎಳೆದು ವಿವರಿಸಿಯೂ ಬಂದೆ.

ಮಗಳಿಗೆ ತನ್ನ ಲ್ಯಾಂಪು ಬೇಕಿತ್ತು. ಜಗಳಕ್ಕೆಂದೇ ಬಂದವಳು, ಬಹಳ ಹೊತ್ತು ತೆರೆದಿಟ್ಟಿದ್ದರಿಂದ ಅಂದು ಕಂಪ್ಯೂಟರಿನಲ್ಲಿ ಪೂರ್ತಿಯಾಗಿ ಮೂಡಿದ್ದ ಚಿತ್ರವನ್ನು ನನ್ನ ಹೆಗಲ ಹಿಂದಿನಿಂದ ನೋಡಿದಳು. ಮಹಾರಾಷ್ಟ್ರದ ಶಾಲೆಗಳಲ್ಲಿ ಓದಿದವಳ ಕನ್ನಡ ಅರ್ಧಕ್ಕರ್ಧ ಮರಾಠಿ.

“ಬಾಬಾ! ಹೇ ಕಾಯ್ ನೋಡ್ತೀರಿ? ಇದು ಗಾಂಜಾ ಆಹೇ!”

“ಏನಂದಿ?”

“ಗಾಂಜಾ ಬಾಬಾ, ಗಾಂಜಾ! ಈ ಲೋಗ ಮನೀ ಒಳಗ ಲಪೂನ್, ಕದ್ದು ಗಾಂಜಾ ಗ್ರೋ ಮಾಡ್ತಾರ. ತುಮ್ಹೀ ತುಳಸೀಲಾ ಗಾಂಜಾಚಾ ಔಷಧ ಹಾಕ್ತೀರಿ?”

ತ್ರ್ಯಂಬಕೇಶ್ವರದ ದಾರಿಯಲ್ಲಿ ಚಿಲುಮೆ ಎಳೆಯುವ ಬಾವಾಗಳನ್ನು ಕಂಡರೆ ದಾರಿ ಬಿಟ್ಟು ನಡೆಯುವ ನಾನು, ಅವರ ಬೆಳೆಗೆ ಬರೆದ ಕೈಪಿಡಿಯನ್ನು ಮ್ಯಾನೇಜರ ದೇವರ ಮನೆಯ ಬಾಗಿಲವರೆಗೆ ಮುಟ್ಟಿಸಿದ್ದೆ. ಅದೂ ಗೆರೆ ಎಳೆದು. ಓಡಿ ದೇಸಾಯರಿಗೆ ಫೋನು ಮಾಡಿ, ಕಾಗದ ಹರಿದು ಹಾಕಿರೆಂದು ಅಂಗಲಾಚಿದೆ. ದೇಸಾಯರು ಗಲಿಬಿಲಿಯಾಗಲಿಲ್ಲ. “ಯಾವ ಗಿಡರ ಇರವಲ್ದ್ಯಾಕ್ರಿ, ಟೆಕ್ನಿಕಲಿ ಭಾಳ ಛಲೋ ಬರದಾರ” ಎಂದರು. ಮ್ಯಾನೇಜರಿಗೆ ಏನು ಹೇಳಲಿ ಎಂದು ತಲೆಯ ಮೇಲೆ ಕೈ ಹೊತ್ತು ಕೂತೆ. ಹೇಳಲಿಲ್ಲ. ಇಂದಿನವರೆಗೂ ಹೇಳಿಲ್ಲ.

ಸುಮಿತ್ರಾಳ ಚಿಂತೆಯೇ ಬೇರೆ. ಲಗ್ನ ಹತ್ತಿರ ಬಂದಿತ್ತು, ಗಿಡದಲ್ಲಿ ಹಿಡಿಯಷ್ಟೂ ಹಸಿರಿರಲಿಲ್ಲ. “ಅವರು ಏನರ ಸೇದ್ಲಿ, ಏನರ ಕುಡೀಲಿ. ಗಿಡ ಸಾಯಬಾರದು ಅಂತ ಅವರಿಗೂ ಜೀವ ಬಡ್ಕೋತೈತಲ್ಲ? ಕೆಳಗಿನ ಎಲಿ ಹಳದಿ ಆದ್ರ ಮೊದಲು ಏನ್ ನೋಡು ಅಂದಾರ, ಅದನ್ನ ಹೇಳ್ರಿ” ಎಂದಳು. ನಾಚಿಕೆಯಿಂದಲೇ ತೆಗೆದು ಓದಿದೆ. ಕುಂಡ ಎತ್ತಿ ನೋಡಿ, ಭಾರವಾಗಿದ್ದರೆ ಬೇರು ನೀರಿನಲ್ಲಿ ಮುಳುಗಿದೆ ಎಂದಿತ್ತು. ಅದು ಮೊದಲನೆಯ ಸಲಹೆ. ಪರದೆಯದು ಎಷ್ಟೋ ಕೆಳಗೆ. ಆದರೆ ತುಳಸಿಯನ್ನು ಎತ್ತಿ ತೂಗುವುದೆಂದರೆ ಏನೋ ಅಪಚಾರವೆನಿಸಿ ನಾನು ಅದನ್ನು ಬಿಟ್ಟು ಮುಂದಕ್ಕೆ ಹೋಗಿದ್ದೆ.

ಇಬ್ಬರೂ ಕೈಮುಗಿದು, ತಪ್ಪಾಯಿತೆಂದು ಹೇಳಿ, ಕುಂಡ ಎತ್ತಲು ಹೋದೆವು. ಅಲುಗಲಿಲ್ಲ. ದೇಸಾಯರು ಬಂದು ಕೈಗೂಡಿಸಿದ ಮೇಲೆ ಒಂದು ಪಕ್ಕಕ್ಕೆ ವಾಲಿಸಿ ತಳ ನೋಡಿದೆವು. ತಳದಲ್ಲಿ ತೂತೇ ಇರಲಿಲ್ಲ. ಇದ್ದ ತೂತಿಗೆ ಸಿಮೆಂಟು ಮೆತ್ತಿ, ಉಜ್ಜಿ, ಮೇಲೆ ಕೆಂಪು ಬಣ್ಣ ಬಳಿದಿತ್ತು. ಕೆಲಸ ಅಚ್ಚುಕಟ್ಟಾಗಿತ್ತು, ಏಕೆಂದರೆ ಮಾಡಿದವನು ನಾನು. ದಸರೆಗೆ ಕುಂಡಕ್ಕೆ ಬಣ್ಣ ಹಚ್ಚುವಾಗ, ಕೆಳಗಿನಿಂದ ನೀರು ಜಿನುಗಿ ರಂಗೋಲಿ ಕೆಡುತ್ತದೆಂದು ಮುಚ್ಚಿದ್ದೆ. ಅದರ ಮೇಲೆ ನಿತ್ಯ ಸುಮಿತ್ರಾಳ ಚೊಂಬು, ದೇವರ ಅಭಿಷೇಕದ ನೀರು, ತ್ರ್ಯಂಬಕಕ್ಕೆ ಹೋಗಿಬಂದ ನೆಂಟರು ತಂದ ತೀರ್ಥ. ತುಳಿಯಬಾರದ ನೀರನ್ನೆಲ್ಲ ಸುರಿಯಲು ಆ ಫ್ಲ್ಯಾಟಿನಲ್ಲಿ ಇದ್ದ ಮಣ್ಣು ಅದೊಂದೇ. ದೇಸಾಯರು ಸ್ಕ್ರೂಡ್ರೈವರಿನಿಂದ ಸಿಮೆಂಟು ಒಡೆದರು. ಕಪ್ಪು ನೀರು ಧೋ ಎಂದು ಸುರಿದು ಕೋಣೆಯೆಲ್ಲ ನಾರಿತು, ನೀರಿನ ಜೊತೆ ಸಿಗದೆ ಉಳಿದಿದ್ದ ಮೊಳೆಯೂ ಬಂತು. ಸುಮಿತ್ರಾ ನನ್ನತ್ತ ನೋಡಿದಳು. ಆ ಒಂದು ಸಲ ಮಾತ್ರ ಅವಳ ಮುಖ ನನಗೆ ಸಲೀಸಾಗಿ ಓದಲು ಬಂತು.

ಪರದೆ ತೆಗೆದೆವು, ಲ್ಯಾಂಪು ಮಗಳಿಗೆ ಮರಳಿತು. ಲಗ್ನದ ದಿನದ ಹೊತ್ತಿಗೆ ಇದ್ದ ಎಲೆಗಳೂ ಉದುರಿ ಮದುಮಗಳು ಬೋಳಾಗಿ ನಿಂತಿದ್ದಳು. ಆದರೆ ಗೆಣ್ಣುಗಳಲ್ಲಿ ಸಾಸಿವೆಕಾಳಿನಷ್ಟು ಹಸಿರು ಚಿಗುರು ಮೂಡಿತ್ತು. ನರ್ಸರಿಯಿಂದ ಬೇರೆ ತುಳಸಿ ತರೋಣವೇ ಎಂದರೆ ಸುಮಿತ್ರಾ, “ಹುಡುಗಿಗೆ ಮೈಯಾಗ ಆರಾಮಿಲ್ಲಂತ ಬ್ಯಾರೆ ಹುಡುಗೀನ ನಿಂದರಸ್ತಾರೇನ್ರಿ?” ಎಂದಳು. ಹಸಿರು ಸೀರೆಯ ತುಂಡು ಉಡಿಸಿ, ಕಬ್ಬು ನಿಲ್ಲಿಸಿ, ಪಕ್ಕದಲ್ಲಿ ಕೃಷ್ಣನನ್ನು ಕೂರಿಸಿದಳು. ಜೋಶಿಕಾಕು ಮಂಗಳಾಷ್ಟಕ ಹಾಡಿದರು. ಅಕ್ಷತೆ ಬೀಳುವಾಗ ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇನ್ನೇನು ಬಂದ ಹೆಂಗಸರೆಲ್ಲ ಬುಡಕ್ಕೆ ನೀರೆರೆಯಬೇಕು. ಚೊಂಬುಗಳ ಸಾಲು ನೋಡಿ ಎದ್ದು ಕೈ ಅಡ್ಡ ಹಿಡಿದೆ. ಸುಮಿತ್ರಾ ಮೆಲ್ಲಗೆ ನನ್ನನ್ನು ಪಕ್ಕಕ್ಕೆ ಸರಿಸಿ ಪೂಜೆಯ ಉದ್ಧರಣೆಯಲ್ಲಿ ಒಂದೇ ಒಂದು ಹನಿ ನೀರು ಹಾಕಿದಳು. ಉಳಿದವರೂ ಅದೇ ಪದ್ಧತಿಯೆಂದುಕೊಂಡು ಒಂದೊಂದು ಹನಿ ಹಾಕಿ ಕೈಮುಗಿದರು.

ಎಲ್ಲರೂ ಹೋದ ಮೇಲೆ, ಹೊಸ ಚಿಗುರನ್ನು ಪರೀಕ್ಷಿಸೋಣವೆಂದು ನಾನು ಬಗ್ಗಿದೆ. ಹಿಂದಿನಿಂದ ಸುಮಿತ್ರಾಳ ದನಿ ಬಂತು: “ಧಾರೆ ಎರದು ಕೊಟ್ಟಾತಲ್ರಿ. ಇನ್ನ ಆಕಿ ಸಂಸಾರದಾಗ ನೀವು ಕೈ ಹಾಕಬ್ಯಾಡ್ರಿ.”

ಹಾಕಲಿಲ್ಲ. ಬೀಗರ ಮನೆಗೆ ಹೋದವನ ಹಾಗೆ ಬಾಗಿಲಲ್ಲೇ ನಿಂತು ನೋಡಿ ಬರುತ್ತಿದ್ದೆ. ನೋಡನೋಡುತ್ತ ಆಕೆ ಮೈತುಂಬಿಕೊಂಡಳು. ತಂದೆಯ ಆರೈಕೆ ತಪ್ಪಿದ್ದೇ ತಡ, ಇಷ್ಟು ಬೇಗ ಚೇತರಿಸಿಕೊಂಡ ಮಗಳನ್ನು ನಾನಂತೂ ಕಂಡಿಲ್ಲ.